ಲಾಕ್‌ಡೌನಿನ ಬೇಸಿಗೆಯಲ್ಲಿ ನಾವು ತೋಡಿದ ಕೆರೆ

ಯುಗಾದಿಗೆ ಇನ್ನೂ ಬೇವು ತಂದಿರಲಿಲ್ಲ, ಅಷ್ಟರಲ್ಲಿ ದೇಶವೇ ಬಂದ್ ಆಯಿತು. ನನ್ನ ಗಂಡನದು ಪೆಂಡಾಲ್ ಹಾಕುವ ಧಂದೆ. ಮೊರಬದ ಕಡೆಯಿಂದ ನವಲಗುಂದದವರೆಗೆ ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಕೆಂಪು ಹಳದಿ ಪಟ್ಟೆಯ ನಮ್ಮ ಶಾಮಿಯಾನ ಅಲ್ಲಿ ನಿಂತಿರುತ್ತಿತ್ತು. ಬೇಸಿಗೆಯಲ್ಲಿ ದುಡಿದದ್ದು ವರ್ಷವಿಡೀ ಮನೆ ನಡೆಸುತ್ತಿತ್ತು. ಆ ವರ್ಷವೂ ಫೋನುಗಳು ಬಂದವು, ಆದರೆ ಎಲ್ಲರದ್ದೂ ಒಂದೇ ಮಾತು: "ಈ ಸಲ ಬ್ಯಾಡ್ರಿ, ಮುಂದ ನೋಡೂಣು."

ನಾವು ಉಪವಾಸ ಬಿದ್ದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಸ್ವಲ್ಪ ಎರೆ ಹೊಲವಿದೆ. ಮನೆಯಲ್ಲಿ ಜೋಳವಿತ್ತು, ಪಡಸಾಲೆಯಲ್ಲಿ ಕಡಲೆಯ ಚೀಲಗಳು ಒಂದರ ಮೇಲೊಂದು ಕೂತಿದ್ದವು. ಆದರೆ ಕಡಲೆ ಕೊಳ್ಳುವ ಪೇಟೆ ಮುಚ್ಚಿತ್ತು. ಅತ್ತೆಯ ಬಿಪಿ ಗುಳಿಗೆಗೆ, ಗ್ಯಾಸಿಗೆ, ಮಗಳ ಪುಸ್ತಕಕ್ಕೆ ಬೇಕಾದ ಕೈಖರ್ಚಿನ ದುಡ್ಡು ಮಾತ್ರ ಎಲ್ಲಿಂದಲೂ ಬರುವಂತಿರಲಿಲ್ಲ. ಸಂಜೆ ಟಿವಿ ಹಚ್ಚಿದರೆ ದಿಲ್ಲಿಯಿಂದ, ಬೆಂಗಳೂರಿನಿಂದ ಪ್ಯಾಕೇಜುಗಳ ಸುದ್ದಿ. ನಾನು ಸೊನ್ನೆಗಳನ್ನು ಎಣಿಸಿ ಮುಗಿಸುವುದರೊಳಗೆ ಪರದೆಯ ಮೇಲಿನ ಅಂಕಿ ಸರಿದು ಹೋಗುತ್ತಿತ್ತು. ಅಷ್ಟು ದೊಡ್ಡ ಅಂಕಿ ನಮ್ಮಂಥ ಊರಿಗೆ ಯಾವ ದಾರಿಯಿಂದ ಬಂದೀತು ಎಂದು ನನ್ನ ಗಂಡ ನಗುತ್ತಿದ್ದರು.

ಬಂತು. ರೇಷನ್ ಅಂಗಡಿಗೆ ಪುಕ್ಕಟೆ ಅಕ್ಕಿಯಾಗಿ ಮೊದಲು ಬಂತು. ಆಮೇಲೆ ಒಂದು ಬೆಳಿಗ್ಗೆ ಪಂಚಾಯ್ತಿಯವರು ಆಟೋಕ್ಕೆ ಮೈಕ್ ಕಟ್ಟಿಕೊಂಡು ಓಣಿ ಓಣಿ ತಿರುಗಿದರು. ಉದ್ಯೋಗ ಖಾತ್ರಿಯ ಕೆಲಸ ಮತ್ತೆ ಶುರುವಾಗುತ್ತದೆ, ಹಳೇ ಕೆರೆಯ ಹೂಳು ತೆಗೆಯಬೇಕು, ಕೆಲಸ ಬೇಕಾದವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಹೆಸರು ಕೊಡಿ ಎಂದರು.

ನಮ್ಮ ಕಡೆ ಬೋರಿನ ನೀರು ಸವಳು, ಕುಡಿಯಲಾಗುವುದಿಲ್ಲ. ಊರು ಬದುಕುವುದೇ ಕೆರೆಯ ಮೇಲೆ. ಕಾಲುವೆ ನೀರು ತುಂಬಿಸುವ ಹೊಸ ಕೆರೆ ಬಂದ ಮೇಲೆ ಹಳೆಯದನ್ನು ಯಾರೂ ಕೇಳಿರಲಿಲ್ಲ. ಹೂಳು ತುಂಬಿ, ಜಾಲಿ ಬೆಳೆದು, ಅದು ಕೆರೆ ಎಂಬುದು ಹೆಸರಿನಲ್ಲಷ್ಟೇ ಉಳಿದಿತ್ತು. ನಾನು ಈ ಊರಿಗೆ ಸೊಸೆಯಾಗಿ ಬಂದಾಗಲೇ ಹುಡುಗರು ಅದರ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು.

ಆಟೋ ನಮ್ಮ ಮನೆ ದಾಟಿ ಹೋಗುತ್ತಿದ್ದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ತೊಳೆದುಕೊಂಡು ಹೊರಗೆ ಬಂದು, "ನಾನೂ ಹೆಸರು ಕೊಡತೇನಿ" ಎಂದೆ.

ಅತ್ತೆ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಿಸಿದರು. "ಏನಂದಿ?"

"ಕೆರಿ ಕೆಲಸಕ್ಕ ಹೋಗತೇನಿ ಅಂದೆ, ಅತ್ತಿ."

"ಹುಚ್ಚು ಹಿಡದೈತೇನ ಬೇ ನಿನಗ? ಈ ಮನಿ ಹೆಣ್ಮಕ್ಕಳು ತಮ್ಮ ಹೊಲದಾಗ ದುಡದಾರ, ಇನ್ನೊಬ್ಬರ ಬುಟ್ಟಿ ಹೊತ್ತಿಲ್ಲ. ನಾಕು ಮಂದಿ ಏನಂದಾರು?"

"ಇನ್ನೊಬ್ಬರದಲ್ಲ, ಊರ ಕೆರಿ ಅದು."

"ಕೂಲಿ ಕೂಲೀನs." ಅತ್ತೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಗಂಡ ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಪಂಚಾಯ್ತಿಗೆ ನನ್ನೊಡನೆ ಬಂದು ಹೊಸ ಜಾಬ್ ಕಾರ್ಡಿಗೆ ಇಬ್ಬರ ಫೋಟೋ ಕೊಟ್ಟರು. ಅವರ ಉತ್ತರ ಅದೇ ಎಂದು ನಾನು ತಿಳಿದುಕೊಂಡೆ.

ಮೊದಲ ದಿನ ನಾನು ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಹೋದದ್ದು ಕೊರೊನಾಕ್ಕೆ ಹೆದರಿ ಅಷ್ಟೇ ಅಲ್ಲ. ಯಾರೂ ಗುರುತು ಹಿಡಿಯದಿರಲಿ ಎಂಬ ಆಸೆಯೂ ಇತ್ತು. ಆದರೆ ಊರಿನಲ್ಲಿ ನಡೆಯುವ ರೀತಿ ನೋಡಿಯೇ ಯಾರ ಮನೆಯವಳೆಂದು ಹೇಳುತ್ತಾರೆ. ಕೇರಿಯ ಹೆಣ್ಣುಮಕ್ಕಳು ಆಗಲೇ ಬಂದು, ಸಿಂಬೆ ಸುತ್ತಿಕೊಂಡು ನಿಂತಿದ್ದರು. ಅವರಲ್ಲೊಬ್ಬಳು, "ಅಕ್ಕಾರ, ದಾರಿ ತಪ್ಪಿ ಬಂದೀರೇನು?" ಎಂದಳು. ಉಳಿದವರು ನಕ್ಕರು.

"ಇಲ್ಲಬೇ, ಕೆಲಸಕ್ಕ ಬಂದೇನಿ" ಎಂದೆ.

"ಹಂಗಾರ ಆ ಗುದ್ದಲಿ ಬ್ಯಾಡ, ಭಾರ ಐತಿ. ಇದನ್ನ ಹಿಡೀರಿ."

ಬೇಸಿಗೆಯ ಎರೆಮಣ್ಣು ಅಂದರೆ ಅದು ಮಣ್ಣಲ್ಲ. ಗುದ್ದಲಿ ಹಾಕಿದರೆ ಹಾರಿ ಬರುತ್ತದೆ. ಮೊದಲು ಹಾರೆಯಿಂದ ಬಿರುಕಿಗೆ ಮೀಟಿ ಹೆಂಟೆ ಏಳಿಸಬೇಕು, ಆಮೇಲೆ ಒಡೆಯಬೇಕು, ಆಮೇಲೆ ಬುಟ್ಟಿ ತುಂಬಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. ಮನೆಗೆ ಬಂದು ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಅತ್ತೆ ಅಡುಗೆ ಮನೆಯಿಂದ ನೋಡಿದರು. ಊಟಕ್ಕೆ ಕೂತಾಗ ನನ್ನ ತಾಟಿನಲ್ಲಿ ರೊಟ್ಟಿ ಮುರಿದು ಇಟ್ಟಿತ್ತು.

ಮರುದಿನ ಗಂಡನೂ ಬಂದರು. ಬರುವಾಗ ಟ್ರಾಲಿಯಲ್ಲಿ ಶಾಮಿಯಾನದ ಒಂದು ತುಂಡು, ನಾಲ್ಕು ಕಂಬ ಹೇರಿಕೊಂಡು ಬಂದರು. ಕೆಲಸಕ್ಕೆ ಬಂದ ತಾಯಂದಿರ ಮಕ್ಕಳು ಬಿಸಿಲಲ್ಲಿ ಜಾಲಿಯ ಬುಡಕ್ಕೆ ಕೂತಿದ್ದನ್ನು ನಾನು ಹೇಳಿದ್ದೆ. ಮದುಮಕ್ಕಳ ತಲೆಯ ಮೇಲೆ ಇರಬೇಕಾದ ಆ ಬಟ್ಟೆ ಕೆರೆಯ ಏರಿಯ ಮೇಲೆ ನಿಂತಿತು. ಅದರ ಕೆಳಗೆ ನೀರಿನ ಕೊಡ, ಬುತ್ತಿಯ ಗಂಟು, ಒಂದು ಹಾಸಿದ ಜಮಖಾನ. ಊರವರೆಲ್ಲ ಅದನ್ನು ನೋಡುವ ನೆವದಲ್ಲಿ ಬಂದರು. ನೋಡಲು ಬಂದವರಲ್ಲಿ ಕೆಲವರು ವಾರ ಕಳೆಯುವುದರೊಳಗೆ ಬುಟ್ಟಿ ಹಿಡಿದರು. ಹೋಟೆಲ್ ಮುಚ್ಚಿದವನು, ಬಳೆ ಅಂಗಡಿಯವಳು, ಒಬ್ಬ ಖಾಸಗಿ ಶಾಲೆಯ ಮಾಸ್ತರರು. ಪಗಾರ ನಿಂತ ಮಾಸ್ತರರು ಮೊದಲ ದಿನ ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದಿದ್ದರು.

ಆಗ ಪಂಚಾಯ್ತಿಯ ಪಿಡಿಓ ಸಾಹೇಬರು ನನ್ನನ್ನು ಕರೆದು, "ನೀವು ಪಿಯುಸಿ ಓದೀರಿ, ಫೋನ್ ನಡಸಾಕ ಬರತೈತಿ. ನೀವು ಕಾಯಕ ಬಂಧು ಆಗ್ರಿ" ಎಂದರು. ಕೂಲಿಕಾರರ ಗುಂಪಿಗೆ ಮುಂದಾಳಾಗಿ, ಹಾಜರಿ ಹಿಡಿದು, ಕೆಲಸದ ಗುರುತು ಹಾಕಿ, ಯಾರಿಗೂ ಅನ್ಯಾಯವಾಗದಂತೆ ನೋಡಿಕೊಳ್ಳುವವರಿಗೆ ನಮ್ಮ ರಾಜ್ಯದಲ್ಲಿ ಇಟ್ಟ ಹೆಸರು ಅದು. ನಮ್ಮ ಮನೆಯಲ್ಲಿ ಶರಣರ ಮಾತು ಕೇಳಿ ಬೆಳೆದವರಿಗೆ ಕಾಯಕ ಎನ್ನುವುದು ಪೂಜೆಯ ಮನೆಯ ಶಬ್ದ. ಅದು ಗುದ್ದಲಿಯ ಜೊತೆ ಸೇರಿ ನನ್ನ ಹೆಸರಿಗೆ ಅಂಟಿಕೊಂಡಾಗ ಆದ ಸಂತೋಷವನ್ನು ನಾನು ಯಾರಿಗೂ ಹೇಳಲಿಲ್ಲ. ಮನೆಗೆ ಹೋಗಿ ಅತ್ತೆಗೆ ಮಾತ್ರ ಹೇಳಿದೆ.

"ಬಂಧು ಅಂದ್ರ ಏನು ಮಾಡಬೇಕು?" ಎಂದು ಕೇಳಿದರು.

"ಎಲ್ಲಾರನ್ನೂ ನೋಡಿಕೋಬೇಕು."

"ಮಕ್ಕಳನ್ನ ಯಾರು ನೋಡಾಕತ್ತಾರ ಅಲ್ಲೆ?"

"ದಿನಾ ಒಬ್ಬೊಬ್ಬರು ಕುಂಡರತಾರ. ಯಾರಿಗೂ ಮನಸ್ಸಿಲ್ಲ."

ಎರಡು ದಿನ ಬಿಟ್ಟು ಅತ್ತೆ ಕೋಲೂರಿಕೊಂಡು ಕೆರೆಗೆ ಬಂದರು. ಶಾಮಿಯಾನದ ಕೆಳಗೆ ಜಮಖಾನದ ನಡುವೆ ಕೂತರು. ಅಳುತ್ತಿದ್ದ ಕೇರಿಯ ಕೂಸೊಂದನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ತಟ್ಟತೊಡಗಿದರು. ಅಂಥ ಕೂಸನ್ನು ಮುಟ್ಟಿದ ದಿನ ಸ್ನಾನ ಮಾಡುತ್ತಿದ್ದ ಕಾಲದವರು ಅವರು. ನಾನು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಅಲ್ಲೇ ನಿಂತುಬಿಟ್ಟೆ. "ಏನ ನೋಡತಿ? ನಿನ್ನ ಕೆಲಸ ನೀ ಮಾಡು" ಎಂದು ಗದರಿದರು. ಅಂದಿನಿಂದ ಕೆಲಸ ಮುಗಿಯುವವರೆಗೂ ಅದು ಅವರ ಜಾಗವಾಯಿತು. ಮಕ್ಕಳನ್ನು ನೋಡಿಕೊಳ್ಳುವುದಕ್ಕೂ ಖಾತ್ರಿಯಲ್ಲಿ ಕೂಲಿ ಇತ್ತು; ನಮ್ಮ ಕಾರ್ಡಿಗೆ ಸೇರಿಸಿದ ಅವರ ಹೆಸರಿಗೂ ಅದು ಬಂದಾಗ, ಜೀವನದಲ್ಲಿ ಮೊದಲ ಸಲ ತಮ್ಮದೇ ಗಳಿಕೆಯಿಂದ ಗುಳಿಗೆ ತರಿಸಿದರು.

ಕೂಲಿ ಬ್ಯಾಂಕಿನ ಖಾತೆಗೆ ಬರತೊಡಗಿದ ಮೇಲೆ ಊರಿನ ಸಪ್ಪಳವೇ ಬದಲಾಯಿತು. ತಿಂಗಳಿಂದ ಸುಮ್ಮನಿದ್ದ ಹಿಟ್ಟಿನ ಗಿರಣಿ ಸಂಜೆ ಸಂಜೆ ತಿರುಗತೊಡಗಿತು. ಕಿರಾಣಿ ಅಂಗಡಿಯ ಮುಂದೆ ಸುಣ್ಣದಿಂದ ಬರೆದ ವೃತ್ತಗಳಲ್ಲಿ ಮಂದಿ ನಿಂತರು. ಜೋಳ ಬೀಸಲು ಹೋದಾಗ ಗಿರಣಿಯ ಕಾಕಾ, "ನಿಮ್ಮ ಕೆರಿ ಮಣ್ಣಿಂದ ನನ್ನ ಗಿರಣಿ ತಿರಗಾಕತ್ತೈತಿ ನೋಡವಾ" ಎಂದರು. ಟಿವಿಯಲ್ಲಿ ದೊಡ್ಡವರು ತಾಸುಗಟ್ಟಲೆ ಕೂತು ಚರ್ಚೆ ಮಾಡುತ್ತಿದ್ದ ವಿಷಯ ನನಗೆ ಅರ್ಥವಾದದ್ದು ಹಿಟ್ಟಿನ ಬುಟ್ಟಿ ಹಿಡಿದು ನಿಂತಾಗ. ದುಡ್ಡು ಮೇಲೆ ಎಷ್ಟಿದ್ದರೂ ಅಷ್ಟೇ. ದುಡಿದ ಕೈಗೆ ಬಂದರೆ ಅದು ಸುಮ್ಮನೆ ಕೂಡುವುದಿಲ್ಲ, ಓಣಿ ಓಣಿ ತಿರುಗುತ್ತದೆ.

ಆಮೇಲೆ ಗೋವಾದವರು ಬಂದರು.

ಅವರೂ ನಮ್ಮೂರಿನವರೇ. ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗಿ ವರ್ಷಗಳಿಂದ ಅಲ್ಲೇ ಇದ್ದವರು. ಅಲ್ಲಿ ಕೆಲಸ ನಿಂತು, ಸಾಮಾನು ತಲೆಯ ಮೇಲೆ ಹೊತ್ತುಕೊಂಡು, ಸಿಕ್ಕಷ್ಟು ದೂರ ಲಾರಿಯಲ್ಲಿ, ಉಳಿದದ್ದು ನಡೆದು ಬಂದಿದ್ದರು. ಅವರನ್ನು ಶಾಲೆಯಲ್ಲಿ ಬೇರೆ ಇಟ್ಟರು. ಆಶಾ ಕಾರ್ಯಕರ್ತೆ ದಿನವೂ ಜ್ವರ ನೋಡಿ ಬರುತ್ತಿದ್ದಳು. ಕ್ವಾರಂಟೈನ್ ಮುಗಿದು ಅವರು ಹೊರಗೆ ಬಂದ ಮರುದಿನ, ನನ್ನದೇ ವಯಸ್ಸಿನ ಒಬ್ಬ ಹೆಣ್ಣುಮಗಳು ಏರಿಯ ಮೇಲೆ ದೂರದಲ್ಲಿ ನಿಂತು ಕೂಗಿದಳು.

"ಅಕ್ಕಾರ, ನಮಗೂ ಕೆಲಸ ಬೇಕ್ರಿ."

ಕೆಳಗಿದ್ದ ಗುಂಪು ಗುದ್ದಲಿ ಇಟ್ಟು ನಿಂತಿತು. ಹೋಟೆಲಿನವನು ಮೊದಲು ಬಾಯಿ ತೆರೆದ. "ಅವರು ಇಳದ್ರ ನಾವು ಮ್ಯಾಲೆ ಹತ್ತತೇವಿ. ಮನ್ಯಾಗ ಸಣ್ಣ ಹುಡುಗ್ರು ಅದಾವು." ನನಗೆ ಮೊದಲ ದಿನ ಹಗುರ ಗುದ್ದಲಿ ಕೊಟ್ಟಿದ್ದ ಕೇರಿಯವಳೂ ತಲೆ ತಗ್ಗಿಸಿ, "ಅಂಜಿಕಿ ಆಗತೈತ್ರಿ ಅಕ್ಕಾರ" ಎಂದಳು. ಬಂದವರಲ್ಲಿ ಅವಳ ಸ್ವಂತ ಮೈದುನನೂ ಇದ್ದ.

ನನಗೂ ಅಂಜಿಕೆ ಇತ್ತು. ಪಿಡಿಓ ಸಾಹೇಬರಿಗೆ ಫೋನ್ ಮಾಡಿದೆ. "ಕೇಳಿದವರಿಗೆ ಕೆಲಸ ಕೊಡಬೇಕು ಅಂತ ಕಾನೂನೇ ಐತಿ. ಆದ್ರ ಜಗಳ ಆದ್ರ ಎಲ್ಲಾರದೂ ಬಂದ್ ಮಾಡಬೇಕಾಗತೈತಿ" ಎಂದರು. ಅವರಿಗೂ ಅಷ್ಟೇ ಗೊತ್ತಿತ್ತು. ನಾನು ಏರಿಯ ಮೇಲೆ ಹತ್ತಿ, ಆ ಹೆಣ್ಣುಮಗಳಿಂದ ಮೂರು ಮಾರು ದೂರ ನಿಂತು ಕೇಳಿದೆ. "ಆ ಮೂಡಣ ದಂಡಿ ತೋಡತೀರೇನು? ಅಲ್ಲಿ ಜಾಲಿ ಭಾಳ ಅದಾವು. ನೆಲಾ ಅಗದಿ ಬಿರುಸು."

"ನೆಲಾ ಬಿರುಸಿದ್ರ ಏನಾತ್ರಿ? ಅಲ್ಲಿ ಕಾಂಕ್ರೀಟ್ ಒಡದೇವಿ" ಎಂದಳು. ಆಮೇಲೆ ಕೆಳಗೆ ನಿಂತ ಗುಂಪಿಗೆ ಕೇಳುವಂತೆ ದನಿ ಎತ್ತಿ, "ನಾವು ಆ ಕಡೆ ಇರತೇವಿ, ನೀವು ಈ ಕಡೆ ಇರ್ರಿ. ನಮ್ಮ ನೀರು ನಾವು ತರತೇವಿ. ಕೆಲಸ ಅಷ್ಟs ಕೊಡ್ರಿ" ಎಂದಳು.

ನಾನು ಕೆಳಗೆ ಇಳಿದು ಬಂದು ಎಲ್ಲರ ಮುಂದೆ ಹೇಳಿದೆ. "ಇವತ್ತು ಅವರನ್ನ ಹೊರಗ ಇಟ್ರ, ನಾಳೆ ಈ ಕೆಲಸ ನಡಸಾಕ ನನಗ ಮಾರಿ ಇಲ್ಲ. ಬ್ಯಾರೆ ಯಾರರ ಬಂಧು ಆಗ್ರಿ." ಅಷ್ಟು ಜೋರಾಗಿ ನಾನು ಅದುವರೆಗೆ ಊರಿನಲ್ಲಿ ಮಾತಾಡಿರಲಿಲ್ಲ. ಮಾಸ್ತರರು ತಮ್ಮ ಬುಟ್ಟಿ ಎತ್ತಿಕೊಂಡರು. ಅವರ ಹಿಂದೆ ಕೇರಿಯವಳು ಎತ್ತಿಕೊಂಡಳು. ಹೋಟೆಲಿನವನು ಆ ದಿನ ಮನೆಗೆ ಹೋದ. ಮರುದಿನ ಬಂದ.

ಹೀಗೆ ಒಂದು ಕೆರೆಗೆ ಎರಡು ಗುಂಪಾದವು. ನಾನು ಪಡುವಣದಿಂದ ಮೂಡಣಕ್ಕೆ, ಮೂಡಣದಿಂದ ಪಡುವಣಕ್ಕೆ ನಡೆದಾಡುತ್ತಿದ್ದೆ. ಗೋವಾದವರು ಹಟ ಹಿಡಿದವರಂತೆ ದುಡಿಯುತ್ತಿದ್ದರು. ತಮ್ಮೂರಿನಲ್ಲೇ ಪರದೇಶಿಗಳಾಗಿದ್ದ ಸಿಟ್ಟು ಆ ನೆಲದ ಮೇಲೆ ಬೀಳುತ್ತಿತ್ತು ಎಂದು ನನಗೆ ಅನಿಸುತ್ತಿತ್ತು.

ರೋಹಿಣಿ ಮಳೆಯ ಮೊದಲ ಗಾಳಿ ಎದ್ದಿದ್ದ ಒಂದು ಮುಂಜಾನೆ ಆ ಹೆಣ್ಣುಮಗಳು ಸೆರಗು ಬೀಸಿ ನನ್ನನ್ನು ಕರೆದಳು. ಹೋಗಿ ನೋಡಿದರೆ ಜಾಲಿಯ ಬೇರಿನ ಕೆಳಗೆ ಕಲ್ಲು. ಒಡೆದ ಬಂಡೆಯಲ್ಲ, ಉಳಿ ಹಾಕಿ ಮಟ್ಟಸ ಮಾಡಿದ ಕಲ್ಲು. ಅದರ ಕೆಳಗೆ ಇನ್ನೊಂದು. ಮಧ್ಯಾಹ್ನದೊಳಗೆ ಪೂರಾ ಪಾವಟಿಗೆಗಳ ಸಾಲೇ ಎದ್ದು ಬಂತು. ಕೆರೆಗೆ ಇಳಿಯುವ ಹಳೆಯ ಮೆಟ್ಟಿಲು. ನಡುವೆ ಕೊಡ ಇಟ್ಟು ಇಟ್ಟು ಕಲ್ಲಿನಲ್ಲಿ ಬಿದ್ದ ದುಂಡನೆಯ ಕುಳಿಗಳು ಹಾಗೇ ಇದ್ದವು. ನಾನು ಒಂದು ಕುಳಿಯಲ್ಲಿ ಕೈಯಿಟ್ಟು ನೋಡಿದೆ. ನುಣ್ಣಗಿತ್ತು.

ಸುದ್ದಿ ಊರಿಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಹಿರಿಯರು ಬಂದರು. ಅವರಲ್ಲೊಬ್ಬರಿಗೆ ತಮ್ಮ ಅಜ್ಜಿ ಈ ಪಾವಟಿಗೆಯ ಮಾತು ಹೇಳುತ್ತಿದ್ದದ್ದು ನೆನಪಿತ್ತು, ಕಂಡವರು ಯಾರೂ ಇರಲಿಲ್ಲ. ಗಂಗಮ್ಮನಿಗೆ ಪೂಜೆ ಆಗಬೇಕು ಎಂದಾಯಿತು. ಅರಿಷಿಣ, ಕುಂಕುಮ, ತೆಂಗಿನಕಾಯಿ ಬಂದವು. ಹಿರಿಯರು ಮೆಟ್ಟಿಲ ಹತ್ತಿರ ನಿಂತರು. ಗೋವಾದವರು ತಾವಾಗಿಯೇ ಹಿಂದೆ ಸರಿದು, ತಾವು ಎತ್ತಿ ಹಾಕಿದ ಮಣ್ಣಿನ ಗುಡ್ಡೆಯ ಆಚೆ ಹೋಗಿ ನಿಂತರು.

ಅತ್ತೆ ಶಾಮಿಯಾನದ ಕೆಳಗಿನಿಂದ ಎದ್ದು ಅಷ್ಟು ದೂರ ಕೋಲೂರಿಕೊಂಡು ಬಂದಿದ್ದರು. ಕಾಯಿ ಹಿಡಿದ ಹಿರಿಯರನ್ನು ನೋಡಿ, "ಯಾರು ಒಡಿತೀರಿ ಕಾಯಿ?" ಎಂದು ಕೇಳಿದರು.

"ನಾನs ಒಡಿತೇನಿ, ಯಾಕಬೇ ಯಕ್ಕಾ?"

"ನೀ ಯಾವಾಗ ತೋಡಿದಿ?"

ಹಿರಿಯರು ನಕ್ಕರು. ಅತ್ತೆ ನಗಲಿಲ್ಲ. "ಕಲ್ಲು ತಗದವರು ಅಲ್ಲೆ ನಿಂತಾರ, ಕಾಯಿ ಒಡಿಯಾಕ ನೀವು ಬಂದೀರಿ. ಗಂಗವ್ವಗ ಕಣ್ಣಿಲ್ಲೇನು?" ಆಮೇಲೆ ಮಣ್ಣಿನ ಗುಡ್ಡೆಯ ಕಡೆ ತಿರುಗಿ, ಹೆಸರು ಗೊತ್ತಿರದ ಆ ಹೆಣ್ಣುಮಗಳನ್ನು ಕರೆದರು. "ಬಾರ ಬೇ ತಂಗಿ. ಬಾಯಿಗೆ ಬಟ್ಟಿ ಕಟ್ಟಿಕೊಂಡು ಬಾ. ನಾವು ದೂರ ಸರೀತೇವಿ."

ಹಿರಿಯರು ಒಂದು ಗಳಿಗೆ ಕಾಯಿಯನ್ನು ನೋಡಿದರು. ಆಮೇಲೆ ಅದನ್ನು ಮೇಲಿನ ಪಾವಟಿಗೆಯ ಮೇಲಿಟ್ಟು ಹಿಂದೆ ಸರಿದರು. ಎಲ್ಲರೂ ಸರಿದರು. ಅವಳು ಬಂದಳು. ಮೊದಲ ಏಟಿಗೆ ಕಾಯಿ ಒಡೆಯಲಿಲ್ಲ, ಎರಡನೆಯದಕ್ಕೆ ಒಡೆದು ನೀರು ಕಲ್ಲಿನ ಮೇಲೆ ಹರಿಯಿತು. ನಮ್ಮ ಗುಂಪಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನೋಡಿದರೆ ಹೋಟೆಲಿನವನು.

ಅವಳ ಗುಂಪಿನಲ್ಲಿ ಗೌಂಡಿ ಕೆಲಸ ಬಲ್ಲವರಿದ್ದರು. ಸರಿದು ಹೋಗಿದ್ದ ಕಲ್ಲುಗಳನ್ನು ಕೂಡಿಸಿ ಕೂರಿಸಿದರು. ಅದು ಮಂಜೂರಾದ ಕೆಲಸದಲ್ಲಿ ಇರಲಿಲ್ಲ, ಅದಕ್ಕೆ ಕೂಲಿಯೂ ಇಲ್ಲ ಎಂದು ನಾನು ಮೊದಲೇ ಹೇಳಿದ್ದೆ. "ಇರಲಿ ಬಿಡ್ರಿ" ಎಂದಳು. ಆ ಕೆಲಸಕ್ಕೆ ಕಲ್ಲು ಹಿಡಿಯಲು ನಮ್ಮ ಕಡೆಯಿಂದಲೂ ಮಂದಿ ಹೋದರು. ದೂರ ನಿಲ್ಲಿ ಎಂದು ನಾನು ಕೂಗುತ್ತಲೇ ಇದ್ದೆ. ಕಲ್ಲು ಎತ್ತುವಾಗ ದೂರ ನಿಲ್ಲುವುದು ಹೇಗೆ?

ಮಳೆಗಾಲ ಚೆನ್ನಾಗಿಯೇ ಬಂತು. ಹಳ್ಳದ ನೀರು ಬರುವ ದಾರಿಯನ್ನೂ ನಾವು ಬಿಡಿಸಿದ್ದೆವು. ಒಂದು ಮಳೆಗೆ ತಳ ಮುಚ್ಚಿತು, ಇನ್ನೊಂದಕ್ಕೆ ಕೆಳಗಿನ ಪಾವಟಿಗೆ ಮುಳುಗಿತು. ಸೀಗೆ ಹುಣ್ಣಿಮೆಗೆ ಮೊದಲು ಕೆರೆ ತುಂಬಿ, ಏರಿಯ ಮೇಲೆ ನಿಂತರೆ ಗಾಳಿಗೆ ನೀರಿನ ವಾಸನೆ ಬರುತ್ತಿತ್ತು. ಮಂದಿ ಬುತ್ತಿ ಕಟ್ಟಿಕೊಂಡು ನೋಡಲು ಬಂದರು. ನಾವು ಕೆಲಸಗಾರರು ಮಾತ್ರ ಬೇರೆ ಬಗೆಯಲ್ಲಿ ನೋಡುತ್ತಿದ್ದೆವು. ಇಲ್ಲಿ ನಾನು ತೋಡಿದ್ದು, ಅಲ್ಲಿ ನೀನು ಬಿದ್ದದ್ದು ಎಂದು ನೀರಿನೊಳಗಿನ ನೆಲವನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದೆವು.

ಗೋವಾದ ಹೆಣ್ಣುಮಗಳು ದೀಪಾವಳಿಗೆ ಮುಂಚೆ ಮತ್ತೆ ಹೊರಟಳು. ಅಲ್ಲಿ ಕೆಲಸ ಶುರುವಾಗಿ ಮೇಸ್ತ್ರಿ ಕರೆದಿದ್ದ. ಹೇಳಿ ಹೋಗಲು ಮನೆಗೆ ಬಂದಾಗ, "ಇಲ್ಲೇ ಇರಬಾರದೇನು?" ಎಂದೆ.

"ಅಲ್ಲಿ ವರ್ಷಿಡೀ ಕೆಲಸ ಇರತೈತ್ರಿ ಅಕ್ಕಾರ. ಆದ್ರ ಬರೂ ಮುಂದ ನಮ್ಮೂರಾಗ ನಮಗ ಯಾರದಾರ ಅಂತ ಅಳಕೋತ ಬಂದಿದ್ದೆ. ಈಗ ಹಂಗ ಹೋಗಾಕತ್ತಿಲ್ಲ" ಎಂದಳು. ಅತ್ತೆ ಅವಳಿಗೆ ಉಡಿ ತುಂಬಿ ಕಳಿಸಿದರು.

ಇದಾಗಿ ವರ್ಷಗಳ ಮೇಲೆ ಮಳೆ ಕೈಕೊಟ್ಟ ಒಂದು ಬೇಸಿಗೆ ಬಂತು. ಕಾಲುವೆಗೆ ನೀರು ಬಿಡುವುದು ತಡವಾಗಿ ಹೊಸ ಕೆರೆ ತಳ ಕಂಡಿತು. ಹಿಂದೆಲ್ಲ ಅಂಥ ವರ್ಷ ಟ್ಯಾಂಕರಿಗೆ ಕಾಯುತ್ತಿದ್ದ ನಮ್ಮೂರು ಆ ಸಲ, ಆಳಕ್ಕೆ ತೋಡಿದ್ದರಿಂದ ನೀರು ಉಳಿಸಿಕೊಂಡಿದ್ದ ಹಳೇ ಕೆರೆಗೆ ಪೈಪ್ ಹಾಕಿ, ಸೋಸಿ ಕುಡಿಯಿತು. ಅದೇ ವರ್ಷ ಧಾರವಾಡದಲ್ಲಿ ಕಾಯಕ ಬಂಧುಗಳ ತರಬೇತಿಗೆ ನನ್ನನ್ನು ಮಾತಾಡಲು ಕರೆದರು. ಕುಂದಗೋಳದಿಂದ, ಕಲಘಟಗಿಯ ಬಮ್ಮಿಗಟ್ಟಿ ಕಡೆಯಿಂದ ಬಂದ ಹೆಣ್ಣುಮಕ್ಕಳು ಹಾಲಿನ ತುಂಬ ಕೂತಿದ್ದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಒಬ್ಬರು.

ನಾನು ಇದನ್ನೇ ಹೇಳಿದೆ, ಇಷ್ಟು ಉದ್ದ ಅಲ್ಲ. ಮುಗಿದ ಮೇಲೆ ಕಾಲೇಜಿನವರು ಎದ್ದು ಸೌಜನ್ಯದಿಂದಲೇ ಕೇಳಿದರು. "ಕೆಲವರು ಹೇಳ್ತಾರ, ಕೆಲಸ ಮಾಡಿಸೂ ಬದಲಿ ಆ ದುಡ್ಡು ಸುಮ್ಮನ ಖಾತೆಗೆ ಹಾಕಿದ್ರ ಸಾಕಾಗತಿತ್ತು ಅಂತ. ನಿಮಗೇನನಸತೈತ್ರಿ?"

ನಾನು ಹೇಳಿದೆ. "ಎದ್ದು ಬರಾಕ ಆಗದವರಿಗೆ ಹಂಗs ಹಾಕಬೇಕ್ರಿ. ಪುಕ್ಕಟೆ ಅಕ್ಕಿ ಬಂದಾಗ ನಾವೂ ತಿಂದೇವಿ, ಅದಕ್ಕ ನಾಚಿಕಿ ಇಲ್ಲ. ಆದ್ರ ಖಾತೆಗೆ ಅಷ್ಟs ಹಾಕಿದ್ರ ನಾನು ಮನ್ಯಾಗ ಇರತಿದ್ದೆ, ಗೋವಾದಿಂದ ಬಂದವರು ಸಾಲ್ಯಾಗ ಇರತಿದ್ರು. ಈಗ ನಮ್ಮೂರು ಆ ನೀರು ಕುಡ್ಯಾಕತ್ತೈತ್ರಿ."

ಅವರು ಅದನ್ನು ಬರೆದುಕೊಂಡರು. ಊಟದ ಹೊತ್ತಿಗೆ ಕಲಘಟಗಿ ಕಡೆಯ ಹೆಣ್ಣುಮಕ್ಕಳು ನನ್ನ ಸುತ್ತ ಕೂತು, ಜಗಳ ಬಂದರೆ ಏನು ಮಾಡಬೇಕು, ಬಿಸಿಲಿಗೆ ಎಷ್ಟು ಹೊತ್ತಿಗೆ ಕೆಲಸ ನಿಲ್ಲಿಸಬೇಕು ಎಂದು ಕೇಳುತ್ತಲೇ ಹೋದರು. ನನ್ನ ತಾಟಿನ ಅನ್ನ ಆರಿತು.

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅತ್ತೆ ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ, "ಎಷ್ಟು ಮಂದಿ ಇದ್ರು? ಸಾಹೇಬ್ರು ಏನ ಕೇಳಿದ್ರು? ಎಲ್ಲಾ ಮೊದಲಿಂದ ಹೇಳು" ಎಂದರು.

"ಮಾರಿ ತೊಳಕೊಂಡು ಬರತೇನಿ, ಅತ್ತಿ."

"ಆಮ್ಯಾಲ ತೊಳಕೋ. ಇವರು ಆಗಿಂದ ಕುಂತಾರ" ಎಂದು ತಮ್ಮ ಬಾಜು ಸರಿದು ಜಾಗ ಮಾಡಿಕೊಟ್ಟರು. ನಾನು ಕೂತು ಹೇಳತೊಡಗಿದೆ.